ಭೂಗೋಳ ಪಾಠಕ್ಕೆ ಗ್ಲೋಬಲ್ ಸರ್ಫೇಸ್ ವಾಟರ್ ಎಕ್ಸ್‌ಪ್ಲೋರರ್: ಬಳಸಿ ನೋಡಿದ ಮೇಲೆ

ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತೇನೆ. ಕೆಲವು ವರ್ಷಗಳಿಂದ ಈ ವೆಬ್‌ಸೈಟ್ ನನ್ನ ಪಾಠದಲ್ಲಿದೆ. ದುಡ್ಡು ಕೊಡಬೇಕಿಲ್ಲ. ಯುರೋಪಿಯನ್ ಕಮಿಷನ್ನಿನ ಸಂಶೋಧನಾ ಕೇಂದ್ರದವರು ಲ್ಯಾಂಡ್‌ಸ್ಯಾಟ್ ಉಪಗ್ರಹಗಳ 30 ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಜಾಲಾಡಿ, 1984ರಿಂದ ಈಚೆಗೆ ಎಲ್ಲಿ ನೀರಿತ್ತು, ಎಲ್ಲಿ ಹೋಯಿತು, ಎಲ್ಲಿ ಹೊಸದಾಗಿ ಬಂತು ಅಂತ ನಕ್ಷೆಯಲ್ಲಿ ತೋರಿಸಿದ್ದಾರೆ.

ಕೆಂಪು ಅಂದರೆ ನೀರು ಕಮ್ಮಿಯಾಗಿದೆ, ಹಸಿರು ಅಂದರೆ ಜಾಸ್ತಿಯಾಗಿದೆ. ಮಧ್ಯ ಏಷ್ಯಾದ ಅರಲ್ ಸಮುದ್ರ ತೆರೆದರೆ ಸಾಕು, ಹತ್ತಿ ಬೆಳೆಯೋಕೆ ನದಿಗಳನ್ನೇ ತಿರುಗಿಸಿದರೆ ಏನಾಗುತ್ತೆ ಅಂತ ನಾನು ಬಾಯಿ ಬಿಡಬೇಕಿಲ್ಲ. ಆದರೆ ಮಜಾ ಇರೋದು ಲೆಕ್ಕದಲ್ಲಿ. 1984ರಿಂದ 2015ರೊಳಗೆ ಸುಮಾರು 90,000 ಚದರ ಕಿ.ಮೀ. ಕಾಯಂ ನೀರು ಮಾಯವಾಗಿದೆ, ಹೊಸದಾಗಿ ಬಂದಿದ್ದು ಅದರ ಎರಡರಷ್ಟು. ಹಾಗಾದ್ರೆ ಒಳ್ಳೇದೇ ಆಯ್ತಲ್ವಾ ಮಿಸ್, ಅಂತಾರೆ ಮಕ್ಕಳು. ಹೊಸ ನೀರಿನಲ್ಲಿ ಬಹುಪಾಲು ಅಣೆಕಟ್ಟುಗಳ ಹಿಂದೆ ನಿಂತಿದ್ದು ಅಂದಾಗ ಚರ್ಚೆ ಶುರುವಾಗುತ್ತೆ, ಬೆಲ್ ಹೊಡೆದರೂ ನಿಲ್ಲಲ್ಲ.

ಊರಿನ ಕೆರೆಗಳಿಗೆ ಬಂದರೆ ಹುಷಾರಾಗಿರಬೇಕು. ಆಕಾಶಕ್ಕೆ ತೆರೆದುಕೊಂಡ ನೀರು ಮಾತ್ರ ಇದಕ್ಕೆ ಲೆಕ್ಕ. ಬೆಳ್ಳಂದೂರು, ವರ್ತೂರಿನಂಥ ಕೆರೆಗಳ ಮೇಲೆ ಜೊಂಡು, ಕಳೆ ಹಬ್ಬಿದ್ದಾಗ ಅಡಿಯಲ್ಲಿ ಎಷ್ಟು ನೀರಿದ್ದರೂ ಉಪಗ್ರಹಕ್ಕೆ ಕಾಣೋದು ಗಿಡಗಳೇ, ನೀರಲ್ಲ. ಆ ನೀರು ಚೊಕ್ಕಟವಾ, ನೊರೆಯಾ, ಎಷ್ಟು ಆಳ, ಅದ್ಯಾವುದೂ ಗೊತ್ತಾಗಲ್ಲ. ಒಂದು ಚುಕ್ಕಿ 30 ಮೀಟರ್ ಅಗಲ, ಹಾಗಾಗಿ ಸಣ್ಣ ಕುಂಟೆಗಳನ್ನು ಮರೆತುಬಿಡಿ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆದ ಧರ್ಮಾಂಬುಧಿ ಕೆರೆ, ಕಂಠೀರವ ಸ್ಟೇಡಿಯಂ ಆದ ಸಂಪಂಗಿ ಕೆರೆ ಹುಡುಕಿದರೂ ಸಿಗಲ್ಲ, ಅವು 1984ಕ್ಕಿಂತ ಎಷ್ಟೋ ಮೊದಲೇ ಹೋದವು. ಅದಕ್ಕೆ ಹಳೇ ಸರ್ವೆ ನಕ್ಷೆಯೇ ಗತಿ.

ಬೋರ್‌ವೆಲ್ ಬಗ್ಗೆ ಮಕ್ಕಳು ಕೇಳೇ ಕೇಳ್ತಾರೆ. ಅಂತರ್ಜಲ ಇದರಲ್ಲಿಲ್ಲ. 2002ರಲ್ಲಿ ಹಾರಿಸಿದ ಗ್ರೇಸ್ ಉಪಗ್ರಹಗಳ ನಕ್ಷೆ ಜೊತೆಗೆ ತೋರಿಸ್ತೀನಿ. ನೆಲದಡಿಯ ನೀರು ಕಮ್ಮಿಯಾದರೆ ಗುರುತ್ವಾಕರ್ಷಣೆ ಚೂರು ಬದಲಾಗುತ್ತೆ, 2017ರವರೆಗೆ ಅದನ್ನು ಅಳೆದ ಜೋಡಿ ಅದು. ಪಂಜಾಬ್, ಹರಿಯಾಣ ಕಡೆ ಇಳಿತ ಎದ್ದು ಕಾಣುತ್ತೆ. ಆದರೆ ಅದರ ಒಂದೊಂದು ಚೌಕ ನೂರಾರು ಕಿ.ಮೀ. ಅಗಲ, ನಮ್ಮ ಬಡಾವಣೆಯ ಬೋರ್ ಯಾಕೆ ಬತ್ತಿತು ಅಂತ ಅದು ಹೇಳಲ್ಲ.

ಕಿರಿಕಿರಿಗಳೂ ಇವೆ. ಕನ್ನಡ ಇಲ್ಲ, ಸೂಚಿಯ ಪದಗಳನ್ನು ನಾನೇ ಬೋರ್ಡಿನ ಮೇಲೆ ಬರೀತೀನಿ. ಫೋನಿನಲ್ಲಿ ಬಟನ್‌ಗಳು ಕೈಗೆ ಸಿಗಲ್ಲ. ಮುಂಗಾರಿನಲ್ಲಿ ಮೋಡ ಅಡ್ಡ ಬರೋದರಿಂದ ಆ ತಿಂಗಳುಗಳ ಮಾಹಿತಿ ತೆಳುವಾಗಿರುತ್ತೆ, ನೀರು ತುಂಬೋದೇ ಆಗ ಅಲ್ವಾ, ಅದೊಂದು ಬೇಜಾರು. ನಾಲ್ಕು ಸ್ಟಾರ್ ಕೊಡ್ತೀನಿ. ಶಾಲೆಯ ಇಂಟರ್ನೆಟ್ ನಂಬಬೇಡಿ, ಬೇಕಾದ ಸ್ಕ್ರೀನ್‌ಶಾಟ್‌ಗಳನ್ನು ಹಿಂದಿನ ರಾತ್ರಿಯೇ ತೆಗೆದಿಟ್ಟುಕೊಳ್ಳಿ.