ತಾಲೀಮಿಗೆ ಲಕ್ಷ ಜನ: ಮೂರು ಊರಿನ ಸ್ಪ್ರಿಂಗ್ ಗೇಮ್ ನೋಡಿದ ಮೇಲೆ

ಮೈಸೂರಿನಲ್ಲಿ ದಸರೆಗೆ ಮೊದಲು ಆನೆಗಳಿಗೆ ತಾಲೀಮು ಇರುತ್ತದಲ್ವಾ? ಬೆನ್ನ ಮೇಲೆ ಮರಳಿನ ಮೂಟೆ ಹೊತ್ತು ಅರಮನೆಯಿಂದ ಬನ್ನಿಮಂಟಪದ ಕಡೆ ನಡೆಯುತ್ತವೆ. ಚಿನ್ನದ ಅಂಬಾರಿ ಇಲ್ಲ, ಬ್ಯಾಂಡ್ ಇಲ್ಲ. ಆದರೂ ರಸ್ತೆ ಬದಿಯಲ್ಲಿ ಜನ ಕಾದು ನಿಂತಿರುತ್ತಾರೆ. ಅಮೆರಿಕದ ಕಾಲೇಜು ಫುಟ್‌ಬಾಲ್‌ನ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಸ್ಪ್ರಿಂಗ್ ಗೇಮ್ ಕೂಡ ಅಂಥದ್ದೇ. ವಸಂತದಲ್ಲಿ ತಂಡಗಳಿಗೆ 15 ದಿನ ಅಭ್ಯಾಸಕ್ಕೆ ಅವಕಾಶ. ಅದರಲ್ಲಿ ಒಂದನ್ನು, ಸಾಮಾನ್ಯವಾಗಿ ಕೊನೆಯದನ್ನು, ಏಪ್ರಿಲ್ ಶನಿವಾರ ಜನರ ಮುಂದೆ ಆಡುತ್ತಾರೆ. ಒಂದೇ ತಂಡ ಎರಡಾಗಿ ಆಡುತ್ತದೆ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವ ಹಾಗಿಲ್ಲ. ಆ ಸ್ಕೋರು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಲೆಕ್ಕಕ್ಕೆ ಬರುವುದು ಎಷ್ಟು ಜನ ಬಂದರು ಅನ್ನುವುದು ಮಾತ್ರ. ಅಭಿಮಾನಿಗಳು ಇದರ ಮೇಲೆ ವರ್ಷಗಟ್ಟಲೆ ವಾದ ಮಾಡುತ್ತಾರೆ. ತುಂಬಿದ ಸ್ಟೇಡಿಯಂ ನೋಡಿದ ಹದಿನೇಳರ ಹುಡುಗ, ಶಾಲೆಯಲ್ಲಿ ಚೆನ್ನಾಗಿ ಆಡುವವನು, ಆ ಕಾಲೇಜಿಗೇ ಸೇರುತ್ತಾನೆ ಅಂತ ಅವರ ನಂಬಿಕೆ. ಓದು, ಕೆಲಸ, ಮತ್ತೆ ಕೆಲಸ ಅಂತ ನಾನು ಮೂರು ರಾಜ್ಯಗಳಲ್ಲಿ ಇದ್ದೆ. ಹಾಗಾಗಿ ಮೂರು ದೊಡ್ಡ ಸ್ಪ್ರಿಂಗ್ ಗೇಮ್‌ಗಳನ್ನು ಕೂತು ನೋಡಿದ್ದೇನೆ. 2007ರಲ್ಲಿ ಅಲಬಾಮಾದ ಟಸ್ಕಲೂಸಾ, 2016ರಲ್ಲಿ ಒಹಾಯೊದ ಕೊಲಂಬಸ್, 2023ರಲ್ಲಿ ಕೊಲರಾಡೋದ ಬೋಲ್ಡರ್. ಮೂರೂ ಕಡೆ ಜನಸಾಗರ. ಆದರೆ ಆ ಜನ ಮಾಡಿದ ಕೆಲಸ ಮಾತ್ರ ಒಂದೊಂದು ಕಡೆ ಒಂದೊಂದು ಥರ.

ಟಸ್ಕಲೂಸಾದಿಂದ ಶುರು ಮಾಡುತ್ತೇನೆ, ಯಾಕೆಂದರೆ ನನಗೆ ಅದೇ ಇನ್ನೂ ಮೈ ಜುಮ್ಮೆನಿಸುವ ನೆನಪು. ಆಗ ಅಲಬಾಮಾ ಸೋತು ಸುಣ್ಣವಾಗಿತ್ತು. 2006ರಲ್ಲಿ ಆರು ಗೆಲುವು, ಏಳು ಸೋಲು. ಪಕ್ಕದ ಆಬರ್ನ್ ಕೈಲಿ ಸತತ ಐದು ವರ್ಷ ಸೋಲು. ಜನವರಿಯಲ್ಲಿ ನಿಕ್ ಸೇಬನ್ ಕೋಚ್ ಆಗಿ ಬಂದರು. ಏಪ್ರಿಲ್‌ನಲ್ಲಿ ಎ-ಡೇ, ಅಲ್ಲಿನ ಸ್ಪ್ರಿಂಗ್ ಗೇಮ್‌ಗೆ ಅದೇ ಹೆಸರು. ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು. ನಾನೂ ರೂಮಿನ ಹುಡುಗರೂ ಬೆಳಿಗ್ಗೆಯೇ ಹೋಗಿ ಕೂತೆವು. ಆಟ ಶುರುವಾಗುವ ಹೊತ್ತಿಗೆ ಬ್ರಯಂಟ್-ಡೆನಿ ಸ್ಟೇಡಿಯಂ ತುಂಬಿ, ಗೇಟು ಮುಚ್ಚಿ, ಬಂದವರನ್ನು ವಾಪಸ್ ಕಳಿಸಬೇಕಾಯಿತು. 92,138 ಜನ. ಆಗ ಆ ಸ್ಟೇಡಿಯಂ ಹಿಡಿಸುತ್ತಿದ್ದದ್ದೇ ಅಷ್ಟು.

ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜ ಕೂತಿದ್ದರು. ಆಟಕ್ಕಿಂತ ಜಾಸ್ತಿ ಹಿಂದೆ ತಿರುಗಿ ಮೇಲಿನ ಸಾಲುಗಳನ್ನೇ ನೋಡುತ್ತಿದ್ದರು. ಇಷ್ಟು ಜನ ಇನ್ನೂ ನಮ್ಮ ಕಡೆ ಇದ್ದಾರಾ ಅಂತ ಅವರ ಮುಖದಲ್ಲೇ ಬರೆದ ಹಾಗಿತ್ತು. ಹುಡುಗನನ್ನು ಕರೆದುಕೊಂಡು ಬಂದ ತಂದೆ ತಾಯಿಗೂ ಆ ದಿನ ಇದ್ದ ಅನುಮಾನ ಅದೇ. ಈ ತಂಡ ಮತ್ತೆ ಮೇಲೆ ಏಳುತ್ತದಾ? ಆ ಅನುಮಾನಕ್ಕೆ ಕೋಚ್ ಬಾಯಲ್ಲಿ ಏನು ಹೇಳಿದರೂ ಸಾಲದು. ಜನ ಬಂದು ತೋರಿಸಬೇಕಿತ್ತು, ಬಂದು ತೋರಿಸಿದರು. ಆ ವರ್ಷವೇನೂ ಪವಾಡ ನಡೆಯಲಿಲ್ಲ. 7 ಗೆಲುವು, 6 ಸೋಲು, ಲೂಸಿಯಾನಾ-ಮನ್ರೋನಂಥ ಸಣ್ಣ ತಂಡದ ಕೈಲೂ ಸೋತರು. ಆದರೂ 2008ರ ಫೆಬ್ರವರಿಯಲ್ಲಿ ದೇಶದ ಅತ್ಯುತ್ತಮ ಹುಡುಗರ ಗುಂಪೊಂದು ಅಲ್ಲಿಗೆ ಸಹಿ ಹಾಕಿತು. ಜೂಲಿಯೊ ಜೋನ್ಸ್, ಮಾರ್ಕ್ ಇಂಗ್ರಮ್, ಡಾಂಟಾ ಹೈಟವರ್. 2009ರಲ್ಲಿ ಇಂಗ್ರಮ್‌ಗೆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ, ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ. ಎಲ್ಲಾ ಎ-ಡೇ ಒಂದರಿಂದಲೇ ಆಯಿತು ಅನ್ನುವುದಿಲ್ಲ, ಸೇಬನ್ ಹೆಸರಿಗೇ ದೊಡ್ಡ ತೂಕ ಇತ್ತು. ಆದರೆ ಸೋಲಿನ ವರ್ಷದಲ್ಲೂ ಹುಡುಗರು ಮನಸ್ಸು ಬದಲಿಸಲಿಲ್ಲ. ಅದರಲ್ಲಿ ಆ 92 ಸಾವಿರದ ಪಾಲೂ ಇದೆ ಅಂತ ನಾನು ನಂಬುತ್ತೇನೆ.

ಒಹಾಯೊ ಸ್ಟೇಟ್ ತಂಡದ ಊರು ಕೊಲಂಬಸ್ ಬೇರೆ. ಸಂಖ್ಯೆಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. 2015ರಲ್ಲಿ 99,391 ಆಗಿ ಲಕ್ಷಕ್ಕೆ ಸ್ವಲ್ಪದರಲ್ಲೇ ತಪ್ಪಿತ್ತು. ಕೋಚ್ ಅರ್ಬನ್ ಮೈಯರ್ ಲಕ್ಷ ಬೇಕೇ ಬೇಕು ಅಂದರು. ಮರುವರ್ಷ ಊರಿಗೆ ಊರೇ ಬಂದು 100,189 ಆಯಿತು. ಆ ಅಂಕಿಯನ್ನು ಘೋಷಿಸಿದಾಗ ಎದ್ದ ಕೂಗು ಟಚ್‌ಡೌನ್‌ಗೂ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದಾಗಲೂ, ಎದ್ದಿರಲಿಲ್ಲ. ನಾನೂ ಗಂಟಲು ಹರಿಯುವ ಹಾಗೆ ಕೂಗಿದೆ. ಆದರೆ ಅಲ್ಲಿ ಯಾರಿಗೂ ಅನುಮಾನವೇ ಇರಲಿಲ್ಲ. ತಂಡ 2015ರ ಜನವರಿಯಲ್ಲಿ ಚಾಂಪಿಯನ್ ಆಗಿತ್ತು. 2016ರ ಏಪ್ರಿಲ್ ಕೊನೆಯಲ್ಲಿ ನಡೆದ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ಲೀಗ್‌ನ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ, ಒಹಾಯೊ ಸ್ಟೇಟ್‌ನ 12 ಹುಡುಗರು ಆಯ್ಕೆಯಾದರು. ಎನ್‌ಎಫ್‌ಎಲ್ ಕನಸು ಕಾಣುವ ಹುಡುಗನಿಗೆ ಲಕ್ಷಕ್ಕಿಂತ ಆ 12 ದೊಡ್ಡ ಸಂಖ್ಯೆ ಅಲ್ವಾ? ಮರುವರ್ಷ ಚೇಸ್ ಯಂಗ್, ಜೆಫ್ ಒಕೂಡಾ ಥರದವರು ಬಂದರು ನಿಜ. ಆದರೆ ಅಂಥವರು ಅದಕ್ಕೂ ಮೊದಲೇ ವರ್ಷ ವರ್ಷ ಬರುತ್ತಿದ್ದರು.

ಅಲ್ಲಿ ನನ್ನ ಸೀಟು ರಿಕ್ರೂಟ್‌ಗಳ, ಅಂದರೆ ಕಾಲೇಜು ಸೆಳೆಯಲು ನೋಡುತ್ತಿದ್ದ ಶಾಲಾ ಆಟಗಾರರ, ಕುಟುಂಬದವರು ಕೂತ ಜಾಗಕ್ಕೆ ಹತ್ತಿರ ಇತ್ತು. ಒಬ್ಬ ತಾಯಿ ಮೈದಾನದ ಕಡೆ ನೋಡಿದ್ದೇ ಕಡಿಮೆ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಹುಡುಗನ ತಾಯಿಯ ಜೊತೆ ಒಂದೇ ಸಮನೆ ಮಾತು. ಹಾಸ್ಟೆಲ್ ಹೇಗಿದೆ, ಮಗ ಪೆಟ್ಟು ಮಾಡಿಕೊಂಡಾಗ ಯಾರು ಫೋನ್ ಮಾಡಿದರು, ಇಂಥದ್ದೇ. ಆ ಮಾತಿಗೆ ಲಕ್ಷ ಜನ ಬೇಕಿರಲಿಲ್ಲ, ಇಬ್ಬರು ಸಾಕಿತ್ತು.

ಬೋಲ್ಡರ್‌ನಲ್ಲಿ ಹಿಂದಿನ ವರ್ಷದ ಸ್ಪ್ರಿಂಗ್ ಗೇಮ್ ನೋಡೋಕೆ ಜನವೇ ಇರಲಿಲ್ಲ. ತಂಡ 2022ರಲ್ಲಿ ಒಂದು ಗೆದ್ದು ಹನ್ನೊಂದು ಸೋತಿತ್ತು. ಎನ್‌ಎಫ್‌ಎಲ್‌ನ ಹಳೆಯ ತಾರೆ ಡಿಯಾನ್ ಸ್ಯಾಂಡರ್ಸ್ ಕೋಚ್ ಆಗಿ ಬಂದಿದ್ದೇ ತಡ, ದುಡ್ಡು ಕೊಟ್ಟು ತಗೊಳ್ಳುವ ಟಿಕೆಟ್ ಪೂರ್ತಿ ಖಾಲಿ. 47,277 ಜನ, ಇಎಸ್‌ಪಿಎನ್ ಕ್ರೀಡಾ ಚಾನೆಲ್‌ನಲ್ಲಿ ನೇರ ಪ್ರಸಾರ. ಏಪ್ರಿಲ್ 22ರಂದು ಹಿಮ ಬೀಳುತ್ತಿತ್ತು. ಬೆರಳು ಮರಗಟ್ಟಿದರೂ ಯಾರೂ ಎದ್ದು ಹೋಗಲಿಲ್ಲ. ಕೋಚ್ ಮಗ ಶೆಡೋರ್ ಸ್ಯಾಂಡರ್ಸ್ ಎಸೆದ ಚೆಂಡನ್ನು ಮೊಂಟಾನಾ ಲೆಮೋನಿಯಸ್-ಕ್ರೇಗ್ ಹಿಡಿದು 98 ಗಜದ ಟಚ್‌ಡೌನ್ ಮಾಡಿದ. ಸ್ಟೇಡಿಯಂ ಕುಣಿಯಿತು. ಕೆಲವೇ ದಿನಗಳಲ್ಲಿ, ಚೆಂಡು ಹಿಡಿದ ಲೆಮೋನಿಯಸ್-ಕ್ರೇಗ್ ಕಾಲೇಜು ಬದಲಿಸಲು ಬಯಸುವವರ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೆಸರು ಕೊಟ್ಟು ಅರಿಜೋನಾಗೆ ಹೋದ. ಅವನ ಜೊತೆ ಹತ್ತಕ್ಕೂ ಹೆಚ್ಚು ಹುಡುಗರು ಪೋರ್ಟಲ್‌ಗೆ ಹೋದರು. ಸುದ್ದಿ ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು. ತಂಡದ ತಾರಾ ಆಟಗಾರ ಟ್ರ್ಯಾವಿಸ್ ಹಂಟರ್ ಬಂದಿದ್ದು ಡಿಸೆಂಬರ್‌ನಲ್ಲಿ, ಈ ಜನ ಸೇರುವ ಮೊದಲೇ. ಅಂದರೆ ಇಲ್ಲಿ ಆಟಗಾರರನ್ನು ನೋಡಿ ಜನ ಬಂದರು, ಜನರನ್ನು ನೋಡಿ ಆಟಗಾರರು ಬಂದದ್ದಲ್ಲ.

ನೋಡೋಕೆ ಯಾವುದು ಚೆನ್ನ ಅಂದರೆ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಕೊಲಂಬಸ್. ಅಷ್ಟು ಜನ ಇದ್ದರೂ ಎಲ್ಲಾ ಸಲೀಸು. ಟಸ್ಕಲೂಸಾದಲ್ಲಿ ಡೆನಿ ಚೈಮ್ಸ್ ಗೋಪುರದ ಬುಡದಲ್ಲಿ ನಾಯಕರು ಸಿಮೆಂಟಿನಲ್ಲಿ ಅಂಗೈ ಒತ್ತುವುದನ್ನು ತಪ್ಪಿಸಿಕೊಳ್ಳಬೇಡಿ. ಗೆದ್ದ ತಂಡಕ್ಕೆ ಸ್ಟೇಕ್, ಸೋತವರಿಗೆ ಬೀನ್ಸ್ ಊಟ ಅನ್ನುವ ಪದ್ಧತಿಯೂ ಅಲ್ಲಿತ್ತು. ಬೋಲ್ಡರ್‌ಗೆ ಹೋದರೆ ಸ್ವೆಟರ್ ಮರೆಯಬೇಡಿ.

ಈ ನಡುವೆ ಆಟದ ಸುತ್ತಲಿನ ನಿಯಮಗಳೇ ಬದಲಾಗಿವೆ. 2007ರಲ್ಲಿ ಏಪ್ರಿಲ್‌ಗೆ ಬರುವ ಕುಟುಂಬ ಪೆಟ್ರೋಲು, ಹೋಟೆಲು ಎಲ್ಲಾ ಕೈಯಿಂದಲೇ ಹಾಕಬೇಕಿತ್ತು. ಅಷ್ಟು ಖರ್ಚು ಮಾಡಿ ಬಂದರೆ ಅವರಿಗೆ ಮನಸ್ಸಿದೆ ಅಂತಲೇ ಅರ್ಥ. 2018ರಿಂದ ಏಪ್ರಿಲ್‌ನಿಂದ ಜೂನ್‌ವರೆಗೆ ಕಾಲೇಜೇ ಖರ್ಚು ಕೊಟ್ಟು ಕರೆಸಬಹುದು. ಖಾಲಿ ಸ್ಟೇಡಿಯಂ ನೋಡಿಯೂ ಜೂನ್‌ನಲ್ಲಿ ಹುಡುಗರು ಸೇರುತ್ತೇವೆ ಅಂತ ಮಾತು ಕೊಡುತ್ತಾರೆ. ಆಮೇಲೆ ಪೋರ್ಟಲ್ ಬಂತು. ನೆಬ್ರಾಸ್ಕಾದಲ್ಲಿ 2008ರಲ್ಲಿ 80,149 ಜನ ಸೇರಿದ್ದರು. 2013ರಲ್ಲಿ ಮೆದುಳಿನ ಕ್ಯಾನ್ಸರ್ ಇದ್ದ ಏಳು ವರ್ಷದ ಹುಡುಗ 69 ಗಜ ಓಡಿ ಟಚ್‌ಡೌನ್ ಮಾಡಿದ್ದೂ ಅಲ್ಲೇ. ಅಂಥ ಜಾಗದಲ್ಲೇ ಕೋಚ್ ಮ್ಯಾಟ್ ರೂಲ್ 2025ರಲ್ಲಿ ಹಳೆಯ ಥರದ ಸ್ಪ್ರಿಂಗ್ ಗೇಮ್ ನಿಲ್ಲಿಸಿದರು. ಟಿವಿಯಲ್ಲಿ ನೋಡಿದ ಬೇರೆ ಕಾಲೇಜಿನವರು ನೆಬ್ರಾಸ್ಕಾದ ಆಟಗಾರರಿಗೆ ಆಸೆ ತೋರಿಸುತ್ತಾರೆ ಅನ್ನುವುದು ಅವರ ದೂರು. ಬೋಲ್ಡರ್ ನೋಡಿದ ಮೇಲೆ ಆ ಭಯ ನನಗೆ ಅರ್ಥವಾಗುತ್ತದೆ. ಆದರೂ ಆ ನಿರ್ಧಾರ ನನಗೆ ಒಪ್ಪಿಗೆ ಇಲ್ಲ. ಊರಿನವರು ವರ್ಷಕ್ಕೊಮ್ಮೆ ಕಡಿಮೆ ಖರ್ಚಿನಲ್ಲಿ ಮಕ್ಕಳ ಸಮೇತ ಬರುವ ದಿನ ಅದು. 2025ರಲ್ಲಿ ಏಪ್ರಿಲ್‌ನ ಪೋರ್ಟಲ್ ಬಾಗಿಲನ್ನೇ ಮುಚ್ಚಿ ಜನವರಿಗೆ ತಂದಿದ್ದಾರೆ. ಇನ್ನು ಹೆದರಿಕೆಗೆ ಅಷ್ಟು ಕಾರಣವಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಒಂದೇ ಶನಿವಾರ ಇದೆ, ಎಲ್ಲಿಗೆ ಹೋಗೋಣ ಅಂತ ಸ್ನೇಹಿತರೊಬ್ಬರು ಕೇಳಿದರು. ಹಿಂದಿನ ವರ್ಷ ಚೆನ್ನಾಗಿ ಸೋತು, ಹೊಸ ಕೋಚ್ ಬಂದಿರುವ ಊರು ಹುಡುಕು ಅಂದೆ. ಎರಡು ಗಂಟೆ ಮೊದಲೇ ಹೋಗಿ, ರಿಕ್ರೂಟ್‌ಗಳು ಒಳಗೆ ಬರುವ ಮೂಲೆಯಲ್ಲಿ ಕೂತು, ಅವರ ಅಪ್ಪ ಅಮ್ಮ ತಲೆ ಎತ್ತಿ ಮೇಲಿನ ಸಾಲುಗಳನ್ನು ನೋಡುವುದನ್ನು ನೋಡು ಅಂದೆ.