ಟೆಕ್ಸಸ್‌ನಲ್ಲಿ ಟರ್ಕಿ ಕೋಳಿ ಬೇಟೆಗೆ ಜಾಗ ಲೀಸ್ ತಗೊಳೋರು ಫೋಟೋ ನಂಬಿ ದುಡ್ಡು ಕಳಿಸ್ಬೇಡಿ

ಹೇಳ್ಕೊಳೋಕೆ ನಾಚ್ಕೆ ಆಗ್ತಿದೆ, ಆದ್ರೂ ಬರೀತಿದೀನಿ, ಯಾಕಂದ್ರೆ ಡಲ್ಲಾಸ್ ಕಡೆ ನಮ್ಮೋರೇ ಇನ್ನೂ ಮೂರ್ನಾಲ್ಕು ಜನ ಇದೇ ಜಾಗ ವಿಚಾರಿಸ್ತಿದಾರಂತೆ. ಏಪ್ರಿಲ್‌ನಲ್ಲಿ ಮಧ್ಯ ಟೆಕ್ಸಸ್‌ನ ಹಿಲ್ ಕಂಟ್ರಿ ಕಡೆ ಒಂದು ರಾಂಚ್, ಬೇಟೆ ಆಡೋಕೆ ಎರಡು ದಿನದ ಲೀಸ್, ನಂಗೂ ಭಾವಂಗೂ ಸೇರಿ 600 ಡಾಲರ್, ಪೂರ್ತಿ ಅಡ್ವಾನ್ಸ್. ಟೆಕ್ಸಸ್‌ನಲ್ಲಿ ನೂರಕ್ಕೆ 95 ಭಾಗ ನೆಲ ಖಾಸಗಿಯವರದ್ದೇ, ದುಡ್ಡು ಕೊಡೋದಕ್ಕೆ ಬೇಜಾರಿಲ್ಲ. ಆದ್ರೆ ರಾಂಚ್ ಯಜಮಾನ ಕಳಿಸಿದ ಆ ಫೋಟೋ! ಕಾಳು ಹಾಕೋ ಫೀಡರ್ ಸುತ್ತ ಮೂವತ್ತಕ್ಕೂ ಜಾಸ್ತಿ ರಿಯೋ ಗ್ರಾಂಡೆ ಜಾತಿಯ ಟರ್ಕಿ. ಅದನ್ನ ನೋಡಿದ ರಾತ್ರಿನೇ ದುಡ್ಡು ಕಳಿಸಿದ್ವಿ.

ಬೆಳಗಿನ ಜಾವ ಕತ್ತಲಲ್ಲೇ ಹೋಗಿ ಕೂತ್ವಿ. ಬೆಳಕಾಗ್ತಾ ನೋಡಿದ್ರೆ ಬರೀ ಮುಳ್ಳಿನ ಮೆಸ್ಕೀಟ್ ಗಿಡ, ಕುಳ್ಳ ಸೀಡರ್, ನೀರು ಬತ್ತಿದ ಹೊಂಡ. ಟರ್ಕಿಗೆ ರಾತ್ರಿ ಕೂರೋಕೆ ಹಳ್ಳದ ಪಕ್ಕದ ಪೆಕಾನ್, ಸಿಕಮೋರ್ ಥರ ಎತ್ತರದ ಮರ ಬೇಕು, ಇಲ್ಲಿ ಒಂದೂ ಇಲ್ಲ. ಅಷ್ಟರಲ್ಲಿ ಗಂಡು ಟರ್ಕಿ ಕೂಗಿದ್ದು ಕೇಳಿಸ್ತು, ಎದೆ ಝಲ್ ಅಂತು, ನೋಡಿದ್ರೆ ಮುಳ್ಳುತಂತಿ ಬೇಲಿ ಆಚೆ, ಪಕ್ಕದವನ ಹಳ್ಳದ ಮರಗಳಲ್ಲಿ. ಬೇಲಿ ದಾಟಿದ್ರೆ ಕೇಸು. ಎರಡು ದಿನ ಬಾಕ್ಸ್ ಕಾಲ್ (ಹೆಣ್ಣು ಟರ್ಕಿ ಥರ ಕೂಗೋ ಮರದ ಡಬ್ಬಿ) ಉಜ್ಜಿ ಉಜ್ಜಿ ಕರೆದ್ವಿ, ಒಂದೂ ಈಚೆ ಬರ್ಲಿಲ್ಲ.

ಎರಡನೇ ದಿನ ಮಧ್ಯಾಹ್ನ ಭಾವ ಆ ಫೋಟೋ ದೊಡ್ಡದು ಮಾಡಿ ನೋಡ್ತಾ, "ಲೋ, ಹಿಂದಿನ ಮರದಲ್ಲಿ ಒಂದು ಎಲೆನೂ ಇಲ್ವಲ್ಲೋ" ಅಂದ್ರು. ನಂಗೆ ಮಾತೇ ಹೊರಡ್ಲಿಲ್ಲ. ಚಳಿಗಾಲದ ಫೋಟೋ. ಚಳಿಗಾಲದಲ್ಲಿ ಈ ಹಕ್ಕಿಗಳು ಒಂದೇ ಕಡೆ ಗುಂಪು ಸೇರ್ತವೆ, ವಸಂತ ಬಂತು ಅಂದ್ರೆ ಮೊಟ್ಟೆ ಇಡೋಕೆ ಮೈಲಿಗಟ್ಟಲೆ ಚದುರಿ ಹೋಗ್ತವೆ. ಇದು ನಂಗೆ ಗೊತ್ತಿತ್ತು, ಗೊತ್ತಿದ್ದೂ ಮೋಸ ಹೋದೆ. 1972ರ ವನ್ಯಜೀವಿ ಕಾಯ್ದೆಗಿಂತ ಮುಂಚೆ ಸಕಲೇಶಪುರದ ಕಾಡಲ್ಲಿ ಕೋವಿ ಹಿಡಿದಿದ್ದ ಅಜ್ಜ ಹೇಳೋರು, ಹಕ್ಕಿ ರಾತ್ರಿ ಎಲ್ಲಿ ಕೂರುತ್ತೆ ಅಂತ ಮೊದ್ಲು ನೋಡು ಅಂತ. ಅದನ್ನೇ ನೋಡ್ಲಿಲ್ಲ ನಾನು.

ರಾಂಚ್ ಯಜಮಾನಂಗೆ ಫೋನ್ ಮಾಡಿದೆ.
"ಫೋಟೋ ನನ್ನ ಜಾಗದ್ದೇ, ಸುಳ್ಳು ಹೇಳಿಲ್ಲ."
ಯಾವ ತಿಂಗಳದ್ದು?
"ಈ ಸೀಸನ್‌ದು."
ಯಾವ ತಿಂಗಳು ಅಂತ ಮೂರು ಸಲ ಕೇಳ್ದೆ.
"ಹಕ್ಕಿಗೆ ರೆಕ್ಕೆ ಇದೆ, ಗ್ಯಾರಂಟಿ ಕೊಟ್ಟಿದ್ನಾ?"
ಅರ್ಧನಾದ್ರೂ ವಾಪಸ್ ಕೊಡಿ ಅಂದ್ರೆ ಮುಂದಿನ ವರ್ಷ ಬನ್ನಿ, 50 ಡಾಲರ್ ಬಿಡ್ತೀನಿ ಅಂದ. ಐವತ್ತು! ಆಮೇಲೆ ಮೆಸೇಜ್‌ಗೂ ಉತ್ತರ ಇಲ್ಲ.

ದುಡ್ಡು ಕೊಡೋ ಮುಂಚೆ ಒಂದು ಸಂಜೆ ಹೋಗಿ ನಿಂತು ಕೇಳಿಸ್ಕೊಳ್ಳಿ, ಯಾವ ಮರಕ್ಕೆ ಹಾರ್ತವೆ, ಆ ಮರ ಯಾರ ಜಾಗದಲ್ಲಿದೆ ಅಂತ. ಮರದ ಕೆಳಗೆ ಗರಿ, ಹಿಕ್ಕೆ ಇರ್ಲೇಬೇಕು, ಹಿಕ್ಕೆ ಕೊಕ್ಕೆ ಥರ ಬಾಗಿದ್ರೆ ಗಂಡಿನದು. ದಾರಿ ಮಣ್ಣಲ್ಲಿ ಗಂಡು ರೆಕ್ಕೆ ಎಳೆದ ಗೆರೆ ಹುಡುಕಿ. ಮೊದ್ಲು ಬಂದು ನೋಡೋಕೆ ಬಿಡಲ್ಲ ಅಂದ್ರೆ ಆ ಜಾಗನೇ ಬೇಡ. ಫೋಟೋ ಕಳಿಸಿದ್ರೆ ತಾರೀಖು ಇರೋದೇ ಕೇಳಿ.

ನಂಗೆ ಕಳಿಸಿದ ಫೋಟೋದಲ್ಲಿ ಹಸಿರು ಡ್ರಮ್ಮಿನ ಫೀಡರ್, ಒಂದು ಕಾಲು ಸೊಟ್ಟ, ಹಿಂದೆ ಬೋಳು ಮರ. ತಾರೀಖು ಇರೋ ಜಾಗ ಕತ್ತರಿಸಿದಾರೆ. ಅದೇ ಫೋಟೋ ನಿಮಗೂ ಬಂದಿದ್ರೆ ದಯವಿಟ್ಟು ದುಡ್ಡು ಕಳಿಸ್ಬೇಡಿ.