ಲ್ಯಾಮಿನಾರ್ ಫ್ಲೋ ಸಾಕಾ, ಬಯೋಸೇಫ್ಟಿ ಕ್ಯಾಬಿನೆಟ್ಟೇ ಬೇಕಾ?

ಕೊರೊನಾ, ಫ್ಲೂ ಸ್ವಾಬ್ ಪರೀಕ್ಷೆಗೆ ಹೊಸದಾಗಿ ಲ್ಯಾಬ್ ತೆರೆಯುವವರಿಗೆ ಈ ಗೊಂದಲ ಸಹಜ. ಎರಡೂ ಲ್ಯಾಬಿನಲ್ಲಿ ಕೈ ಒಳಗಿಟ್ಟು ಕೆಲಸ ಮಾಡುವ, ಮುಂದೆ ತೆರೆದ ಪೆಟ್ಟಿಗೆಗಳು, ನೋಡಲು ಒಂದೇ ಥರ ಇರುತ್ತವೆ. ಎರಡರಲ್ಲೂ ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇದೆ. ವ್ಯತ್ಯಾಸ ಇರುವುದು ಗಾಳಿಯ ದಿಕ್ಕಿನಲ್ಲಿ.

ಲ್ಯಾಮಿನಾರ್ ಫ್ಲೋನಲ್ಲಿ ಶುದ್ಧ ಗಾಳಿ ಸ್ಯಾಂಪಲ್ ಮೇಲೆ ಹಾದು ನಿಮ್ಮ ಕಡೆಗೇ ಬರುತ್ತದೆ. ಸ್ಯಾಂಪಲ್ ಕೆಡುವುದಿಲ್ಲ ನಿಜ, ಆದರೆ ಅದರಲ್ಲಿರುವ ವೈರಸ್ ನಿಮ್ಮ ಮೂಗಿಗೇ ಬಂತು ಅಲ್ವಾ? ಪಿಸಿಆರ್ ಮಿಕ್ಸ್ (ವೈರಸ್ಸಿನ ಜೀನ್ ಪತ್ತೆ ಮಾಡುವ ಪರೀಕ್ಷೆಗೆ ಬೇಕಾದ ರಾಸಾಯನಿಕ ಮಿಶ್ರಣ) ತಯಾರಿಸಲು ಇದು ಚೆನ್ನಾಗಿದೆ, ಬೆಲೆಯೂ ಕಡಿಮೆ. ಸ್ವಾಬ್ ಟ್ಯೂಬಿನ ಮುಚ್ಚಳವನ್ನು ಮಾತ್ರ ಇಲ್ಲಿ ತೆಗೆಯಲೇಬೇಡಿ.

ಕ್ಲಾಸ್ 2 ಬಯೋಸೇಫ್ಟಿ ಕ್ಯಾಬಿನೆಟ್ ಮುಂಭಾಗದ ಜಾಲರಿಯಿಂದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅದರಲ್ಲೇ ಎ2 ಎಂಬ ಮಾದರಿಯಲ್ಲಿ ಈ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್. ಸುಮಾರು 70% ಗಾಳಿ ಸೋಸಿ ಮತ್ತೆ ಒಳಗೇ ಇಳಿಯುತ್ತದೆ, ಉಳಿದದ್ದು ಇನ್ನೊಂದು ಹೆಪಾ ದಾಟಿ ಹೊರಗೆ. ಹಾಗಾಗಿ ಕೆಲಸ ಮಾಡುವವರೂ ಸ್ಯಾಂಪಲ್ಲೂ ಎರಡೂ ಸುರಕ್ಷಿತ. ಖರ್ಚು ಜಾಸ್ತಿ, ವರ್ಷಕ್ಕೊಮ್ಮೆ ತಪಾಸಣೆಯೂ ಬೇಕು. ಆದರೂ ನನ್ನ ಮಟ್ಟಿಗೆ ಸ್ವಾಬ್ ಕೆಲಸಕ್ಕೆ ಬೇರೆ ಆಯ್ಕೆಯೇ ಇಲ್ಲ.

ತಂದ ಮೇಲೆ ಬಾಗಿಲು, ಫ್ಯಾನಿನ ಹತ್ತಿರ ಇಡಬೇಡಿ. ಪಕ್ಕದಲ್ಲಿ ಯಾರಾದರೂ ಬೇಗ ನಡೆದರೂ ಮುಂಭಾಗದಲ್ಲಿ ಒಳಗೆ ಹರಿಯುವ ಗಾಳಿಯ ಪರದೆ ಒಡೆಯುತ್ತದೆ. ಜಾಲರಿಯ ಮೇಲೆ ಪುಸ್ತಕ, ಟಿಪ್ ಬಾಕ್ಸ್ ಇಡುವುದಂತೂ ಬೇಡವೇ ಬೇಡ.

ಕೊರೊನಾ ವೈರಸ್ಸನ್ನೇ ಬೆಳೆಸಬೇಕೆಂದಿದ್ದರೆ ಕ್ಯಾಬಿನೆಟ್ ಒಂದೇ ಸಾಲದು. ಗಾಳಿ ಒಳಮುಖವಾಗಿಯೇ ಹರಿಯುವ ಬಿಎಸ್‌ಎಲ್-3 (ಮೂರನೇ ಹಂತದ ಜೈವಿಕ ಸುರಕ್ಷತೆಯ) ಲ್ಯಾಬ್ ಬೇಕು.